‘ಕಬೂಲ್’ ಅನ್ನುವ ಮೊದಲು: ಮುಂಬೈಯಲ್ಲಿ ಸಣ್ಣ ಕೇಸಿಗೆ ಸಿಕ್ಕವರು ವಕೀಲರನ್ನು ಪಡೆಯುವ ಬಗೆ

ಉಪನಗರದ ಒಂದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಟೆಂಪೊ ಓಡಿಸುವ ಹುಡುಗನೊಬ್ಬ ಕಟಕಟೆ ಹತ್ತಿ ನಿಂತಿದ್ದ. ಕುಂದಾಪುರದ ಕಡೆಯವನು, ಹೋಟೆಲುಗಳಿಗೆ ತೆಂಗಿನಕಾಯಿ ಹಾಕುವ ಕೆಲಸ. ಚೆಂಬೂರಿನ ಸಂದಿಯೊಂದರಲ್ಲಿ ಟೆಂಪೊ ಹಿಂದಕ್ಕೆ ತೆಗೆಯುವಾಗ ಯಾರದೋ ಮೊಣಕಾಲಿಗೆ ತಾಗಿ ಗಾಯವಾಗಿತ್ತು. ಠಾಣೆಯಲ್ಲೇ ಬೇಲ್ ಆಗಿತ್ತು, ಕೇಸನ್ನು ಮರೆತೂ ಬಿಟ್ಟಿದ್ದ. ತಿಂಗಳುಗಳು ಕಳೆದ ಮೇಲೆ ಸಮನ್ಸ್ ಬಂತು, ಒಬ್ಬನೇ ಹೋದ. ಸಾಹೇಬರು ಕಾಗದದಿಂದ ತಲೆಯೆತ್ತಿ “ಗುನ್ಹಾ ಕಬೂಲ್ ಆಹೆ ಕಾ?” ಅಂದರು, ಅಂದರೆ ತಪ್ಪು ಒಪ್ಪಿಕೊಳ್ಳುತ್ತೀಯಾ ಎಂದು. ಹುಡುಗ ತಲೆಯಾಡಿಸಿದ. ಹೊರಗೆ ಬಂದವನು ನನಗೆ ಹೇಳಿದ್ದು ಇಷ್ಟು: “ಟೆಂಪೊ ನೀನೇ ಓಡಿಸ್ತಿದ್ದದ್ದಾ ಅಂತ ಕೇಳಿದ್ದು ಅಂದ್ಕೊಂಡೆ ಅಣ್ಣ. ಹೌದಲ್ಲ, ನಾನೇ ಓಡಿಸ್ತಿದ್ದದ್ದು.”

ದಂಡ ಕಟ್ಟಿದ, ರಸೀದಿ ಕಿಸೆಗೆ ಹಾಕಿಕೊಂಡ, ಮಧ್ಯಾಹ್ನದ ಟ್ರಿಪ್ಪಿಗೆ ಹೋದ. ಎರಡು ವರ್ಷದ ಮೇಲೆ ಗಲ್ಫಿನಲ್ಲಿ ಡ್ರೈವರ್ ಕೆಲಸಕ್ಕೆಂದು ಪೊಲೀಸ್ ಕ್ಲಿಯರೆನ್ಸ್ ಕೇಳಿದಾಗ ಆ ತಲೆಯಾಡಿಸಿದ್ದು ಎದುರಿಗೆ ಬಂದು ನಿಂತಿತು. ಗಾಯಗೊಂಡವರು ಪರಿಹಾರಕ್ಕೆ ಹೂಡಿದ್ದ ದಾವೆಯಲ್ಲೂ ಅದೇ ‘ಕಬೂಲ್’ ಅವನ ವಿರುದ್ಧದ ಸಾಕ್ಷ್ಯವಾಯಿತು.

ನಾನು ಈ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ವಕೀಲಿಕೆ ಮಾಡುವವನು. ಅದಕ್ಕೆ ಮೊದಲು ಹಗಲು ಹೋಟೆಲಿನ ಗಲ್ಲಾ, ಸಂಜೆ ನೈಟ್ ಸ್ಕೂಲ್. ಕೊಲೆ, ದರೋಡೆ ಕೇಸುಗಳಲ್ಲಿ ನಮ್ಮವರು ಹೇಗೋ ವಕೀಲರನ್ನು ಹಿಡಿಯುತ್ತಾರೆ. ಸಂಘದವರು ಬರುತ್ತಾರೆ, ಸಾವ್ಕಾರ್ರು ಬರುತ್ತಾರೆ. ಕೈ ತಪ್ಪುವುದು ಸಣ್ಣ ಕೇಸುಗಳಲ್ಲಿ: ಅಜಾಗರೂಕ ಚಾಲನೆ, ಕುಡಿದು ಗಲಾಟೆ, ರೇಡಿನಲ್ಲಿ ಸಿಕ್ಕ ವೇಟರ್, ರೂಮಿನಲ್ಲಿ ಎಲೆ ಆಡುತ್ತ ಕೂತವರು, ಚಾಳಿನ ನೀರಿನ ಜಗಳ, ರೈಲು ಹಳಿ ದಾಟಿದ್ದು. “ಇಷ್ಟಕ್ಕೆಲ್ಲ ವಕೀಲ ಯಾಕೆ ಮಾರಾಯ್ರೇ” ಅನ್ನುವ ಮಾತು ಹುಟ್ಟುವುದೇ ಇಲ್ಲಿ. ಈ ಬರಹ ಅವರಿಗಾಗಿ.

ಮೊದಲು ಕೇಳಬೇಕಾದ್ದು: ಇದು ಯಾವ ಬಗೆಯ ಕೇಸು?

ಠಾಣೆಯಿಂದ ಫೋನ್ ಬಂದಾಗ ನಾಲಗೆ ಒಣಗುತ್ತದೆ, ನಿಜ. ಆದರೂ ಒಂದು ಪ್ರಶ್ನೆ ಕೇಳಿಬಿಡಿ: ಎನ್‌ಸಿಯೋ, ನೋಟಿಸೋ, ಅಟಕ್ (ಬಂಧನ) ಮಾಡುತ್ತೀರೋ, ಇಲ್ಲಾ ಚಾಪ್ಟರ್ ಕೇಸೋ? ಮುಂಬೈಯ ಠಾಣೆಗಳಲ್ಲಿ ಓಡಾಡುವ ಪದಗಳು ಇವೇ. ಉತ್ತರ ಯಾವುದು ಎನ್ನುವುದರ ಮೇಲೆ ನಿಮ್ಮ ಮುಂದಿನ ನಡೆ ಬದಲಾಗುತ್ತದೆ.

ಎನ್‌ಸಿ ಎಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಲಾಗದ, ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆಯನ್ನೂ ಮಾಡಲಾಗದ ಅಪರಾಧ. ಬೈದಾಟ, ಸಾಮಾನ್ಯ ಕೈಕೈ ಮಿಲಾಯಿಸಿದ್ದು ಬಹುಪಾಲು ಇದರಲ್ಲೇ ಮುಗಿಯುತ್ತದೆ. ಎನ್‌ಸಿಯ ಹೆಸರಲ್ಲಿ ನಿಮ್ಮನ್ನು ರಾತ್ರಿಯಿಡೀ ಬೆಂಚಿನ ಮೇಲೆ ಕೂರಿಸಿದ್ದಾರೆ ಅಂದರೆ ಆಗಲೇ ವಕೀಲರಿಗೆ ಫೋನ್ ಮಾಡುವ ಹೊತ್ತಾಗಿದೆ.

ನೋಟಿಸ್ ಎಂದರೆ ಬಂಧಿಸದೆ ಠಾಣೆಗೆ ಬಾ ಎಂದು ಕರೆಯುವ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನ ನೋಟಿಸ್. 2024ರ ಜುಲೈ 1ರಿಂದ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗಕ್ಕೆ ಈ ಸಂಹಿತೆ ಬಂದಿದೆ. ಹಳಬ ಪೊಲೀಸರು ಈಗಲೂ ಈ ನೋಟಿಸನ್ನು ಹಳೆಯ ಕಲಮಿನ ನಂಬರಿನಿಂದ ‘41 ಎ’ ಎಂದೇ ಕರೆಯುತ್ತಾರೆ. ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಕೇಸಾಯಿತೆಂದು ಸೀದಾ ಬಂಧಿಸಬಾರದು, ಬಂಧನ ಯಾಕೆ ಬೇಕು ಎಂದು ಕಾರಣ ಬರೆದಿಡಬೇಕು ಎಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿತು. ನೋಟಿಸ್ ಬಂದರೆ ಹೇಳಿದ ದಿನ ಹೋಗಿ, ಹೋದದ್ದಕ್ಕೆ ಪ್ರತಿಯ ಮೇಲೆ ಸಹಿ ಪಡೆದುಕೊಳ್ಳಿ. ಕರೆದಾಗೆಲ್ಲ ಹೋಗುತ್ತಿರುವವರನ್ನು ಬಂಧಿಸಬೇಕಾದರೆ ಪೊಲೀಸರು ಮತ್ತೆ ಕಾರಣ ಬರೆಯಬೇಕು. ಹೋಗದೆ ಊರಿಗೆ ಬಸ್ಸು ಹತ್ತಿದರೆ ಆ ಕಾರಣವನ್ನು ನೀವೇ ಬರೆದುಕೊಟ್ಟಂತೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು ಆರೋಪಿ ಅರವತ್ತು ದಾಟಿದವರೋ ಕಾಯಿಲೆಯವರೋ ಆಗಿದ್ದರೆ, ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ ಎಂದೂ ಅದೇ ಕಲಂ ಹೇಳುತ್ತದೆ.

ಚಾಪ್ಟರ್ ಕೇಸ್ ಬೇರೆಯೇ ಜಾತಿ. ಅಲ್ಲಿ ಅಪರಾಧ ನಡೆಯಿತು ಅನ್ನುವುದಿಲ್ಲ, ಮುಂದೆ ನಡೆದೀತು ಎಂದು ‘ಒಳ್ಳೆ ನಡತೆ’ಯ ಬಾಂಡ್ ಬರೆಸಿಕೊಳ್ಳುತ್ತಾರೆ. ಮುಂಬೈಯಲ್ಲಿ ಇದು ನಡೆಯುವುದು ಕೋರ್ಟಿನಲ್ಲೂ ಅಲ್ಲ, ವಿಶೇಷ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಾಗಿ ಕೂರುವ ಎಸಿಪಿಯವರ ಕಚೇರಿಯಲ್ಲಿ. ಪೊಲೀಸ್ ಕಚೇರಿ ಎಂದು ಜನ ವಕೀಲರಿಲ್ಲದೆ ಹೋಗಿ ತೋರಿಸಿದಲ್ಲಿ ಸಹಿ ಹಾಕಿ ಬರುತ್ತಾರೆ. ಅಲ್ಲಿಗೂ ವಕೀಲರನ್ನು ಕರೆದುಕೊಂಡು ಹೋಗಬಹುದು, ಆರೋಪಕ್ಕೆ ಲಿಖಿತ ಉತ್ತರ ಕೊಡಬಹುದು. ಕೊಟ್ಟ ಬಾಂಡ್ ಮುರಿದರೆ ಜೈಲು ಎನ್ನುವುದು ನೆನಪಿರಲಿ.

ಠಾಣೆಯ ಒಳಗೆ

ಬಂಧಿಸಿದರು ಎಂದಿಟ್ಟುಕೊಳ್ಳಿ. ಈಗ ಗಡಿಯಾರ ನೋಡಿ. ಬಂಧನದ ಹೊತ್ತಿನಿಂದ, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಇದು ಸಂವಿಧಾನದ 22ನೇ ವಿಧಿ. ತನ್ನಿಷ್ಟದ ವಕೀಲರೊಡನೆ ಸಮಾಲೋಚಿಸುವ ಹಕ್ಕನ್ನು ಕೊಟ್ಟದ್ದೂ ಅದೇ ವಿಧಿ. ಅಪರಾಧ ಇಷ್ಟು ದೊಡ್ಡದಿದ್ದರೆ ಮಾತ್ರ ವಕೀಲ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಬಂಧನದ ಮೆಮೊದಲ್ಲಿ ತಾರೀಖು, ಹೊತ್ತು ಸರಿಯಾಗಿದೆಯೇ ನೋಡಿಯೇ ಸಹಿ ಹಾಕಿ. ಸಂಜೆ ಏಳಕ್ಕೆ ಕರೆದುಕೊಂಡು ಹೋಗಿ ಮರುದಿನ ಬೆಳಿಗ್ಗೆ ಹತ್ತಕ್ಕೆ ಬಂಧನ ಎಂದು ಬರೆದರೆ ನಿಮ್ಮ ಹದಿನೈದು ಗಂಟೆ ಲೆಕ್ಕದಿಂದ ಮಾಯ. ಮನೆಯವರಿಗೋ ಗೆಳೆಯರಿಗೋ ಸುದ್ದಿ ಮುಟ್ಟಿಸುವುದು ಪೊಲೀಸರ ಕೆಲಸ. ಅದಕ್ಕೇ ನಾನು ಹೋಟೆಲು ಹುಡುಗರಿಗೆ ಹೇಳುವುದು, ಒಂದು ಫೋನ್ ನಂಬರಾದರೂ ಬಾಯಿಪಾಠ ಇರಲಿ ಎಂದು. ಮೊಬೈಲು ಪೊಲೀಸರ ಕೈಗೆ ಹೋದ ಮೇಲೆ ಅಮ್ಮನ ನಂಬರೂ ನೆನಪಾಗದೆ ಕೂತವರನ್ನು ಕಂಡಿದ್ದೇನೆ.

ಯಾಕೆ ಬಂಧಿಸಿದರು ಎನ್ನುವುದನ್ನು ಬರವಣಿಗೆಯಲ್ಲಿ ಕೊಡಬೇಕು, ಅದೂ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ. ಇದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಹುಟ್ಟಿದ್ದು ನಮ್ಮ ವರ್ಳಿಯಲ್ಲೇ ನಡೆದ ಕಾರು ಅಪಘಾತದ ಕೇಸಿನಿಂದ. ತಕ್ಷಣ ಬರೆದು ಕೊಡಲಾಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ, ಅಂದರೆ ಕಸ್ಟಡಿ ಕೇಳಲು ಮ್ಯಾಜಿಸ್ಟ್ರೇಟರ ಮುಂದೆ, ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಲಿಖಿತ ಪ್ರತಿ ಕೈಗೆ ಬರಬೇಕು. ಯಾವ ಅಪರಾಧವಾದರೂ ಇದೇ ನಿಯಮ. ಕನ್ನಡ ಮಾತ್ರ ಬಲ್ಲವರ ಕೈಗೆ ಮರಾಠಿ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಮೊದಲು ಎತ್ತಬೇಕಾದ ಮಾತು ಇದು. ಕಲಬುರಗಿ, ಯಾದಗಿರಿ ಕಡೆಯಿಂದ ನಾಕಾದಲ್ಲಿ ಕೂಲಿಗೆ ನಿಲ್ಲುವವರಿಗೆ ಈ ಒಂದು ತೀರ್ಪು ಎಷ್ಟು ದೊಡ್ಡದು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ವಿಚಾರಣೆ ನಡೆಯುವಾಗ ವಕೀಲರನ್ನು ಕಾಣಬಹುದು. ಇಡೀ ವಿಚಾರಣೆಯುದ್ದಕ್ಕೂ ಪಕ್ಕದಲ್ಲಿ ಕೂರಿಸಿಕೊಳ್ಳುವಂತಿಲ್ಲ, ನಡುನಡುವೆ ಭೇಟಿಯಾಗಬಹುದು. ಸಂಹಿತೆಯ 38ನೇ ಕಲಂ ಹೇಳುವುದು ಇಷ್ಟನ್ನೇ. “ಸಾಹೇಬ್, ವಕೀಲರು ಬರುವ ತನಕ ಹೆಸರು, ವಿಳಾಸ ಬಿಟ್ಟು ಬೇರೆ ಹೇಳುವುದಿಲ್ಲ” ಎನ್ನುವುದು ಉದ್ಧಟತನವಲ್ಲ. ನಿಮ್ಮ ಬಾಯಿಂದಲೇ ನಿಮ್ಮ ಮೇಲೆ ಸಾಕ್ಷಿ ಹೇಳಿಸಬಾರದು ಎಂದು ಸಂವಿಧಾನದ 20(3) ಇದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ತನಿಖೆಯಲ್ಲಿ ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಬೇಕೆಂದೂ ಇಲ್ಲ. ಹಾಗೆಂದು ಜಗಳಕ್ಕೆ ನಿಲ್ಲಬೇಡಿ. ಮೆತ್ತಗೆ, ಒಂದೇ ಮಾತನ್ನು ಹತ್ತು ಸಲ ಹೇಳಿ.

ಹೆಂಗಸರ ವಿಷಯ ಬೇರೆಯಾಗಿ ಹೇಳಬೇಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಮುಂಬೈಯ ಲಾಕಪ್ಪುಗಳಲ್ಲಿ ಹೆಂಗಸರು ಪಡುತ್ತಿದ್ದ ಪಾಡನ್ನು ಪತ್ರಕರ್ತೆ ಶೀಲಾ ಬರ್ಸೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದು ತಿಳಿಸಿದ್ದರು. 1983ರಲ್ಲಿ ಬಂದ ಆ ತೀರ್ಪು ಹೆಂಗಸರಿಗೆ ಪ್ರತ್ಯೇಕ ಲಾಕಪ್, ಮಹಿಳಾ ಕಾನ್‌ಸ್ಟೇಬಲ್ ಕಾವಲು ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಯಾರನ್ನೇ ಬಂಧಿಸಿದರೂ ಪೊಲೀಸರು ತಕ್ಷಣ ಹತ್ತಿರದ ಕಾನೂನು ನೆರವು ಸಮಿತಿಗೆ ತಿಳಿಸಬೇಕು ಎಂದಿತು. ಆದ್ದರಿಂದ “ಲೀಗಲ್ ಏಡಿಗೆ ಇಂಟಿಮೇಶನ್ ಕೊಟ್ಟಿದ್ದೀರಾ?” ಎಂದು ಠಾಣೆಯಲ್ಲಿ ಕೇಳುವುದು ನಿಮ್ಮ ಹಕ್ಕು. ಕೇಳಿದರೆ ಮೇಜಿನ ಆಚೆ ಕೂತವರ ದನಿ ಒಂದಿಷ್ಟು ಇಳಿಯುವುದನ್ನು ನೋಡಿದ್ದೇನೆ.

ಹದಿನೆಂಟು ತುಂಬದ ಹುಡುಗನಾದರೆ ಲಾಕಪ್ಪಿಗೇ ಹಾಕುವಂತಿಲ್ಲ, ಅವನ ದಾರಿ ಬಾಲ ನ್ಯಾಯ ಮಂಡಳಿಗೆ. ಹೋಟೆಲಿನಲ್ಲಿ ವಯಸ್ಸು ಹೆಚ್ಚು ಹೇಳಿ ಕೆಲಸಕ್ಕೆ ಸೇರಿದ ಹುಡುಗರು ಪೊಲೀಸರಿಗೂ ಅದೇ ವಯಸ್ಸು ಹೇಳಿಬಿಡುತ್ತಾರೆ. ಊರಿನ ಶಾಲೆಯ ಸರ್ಟಿಫಿಕೇಟ್ ಆ ರಾತ್ರಿಯೇ ವಾಟ್ಸಾಪಿನಲ್ಲಿ ತರಿಸಿ.

ಇನ್ನೊಂದು ಮಾತು. ಅಪರಾಧ ಜಾಮೀನು ಕೊಡಬಹುದಾದದ್ದಾಗಿದ್ದರೆ ಬೇಲ್ ಠಾಣೆಯಲ್ಲೇ ಸಿಗಬೇಕು. ಅದು ಪೊಲೀಸರ ಉಪಕಾರವಲ್ಲ, ಅದಕ್ಕೆ ‘ಚಹಾ ಪಾನಿ’ಯೂ ಬೇಕಿಲ್ಲ.

ದುಡ್ಡಿಲ್ಲದವರಿಗೆ ವಕೀಲರು ಎಲ್ಲಿಂದ?

“ವಕೀಲ್ರಿಗೆ ಕೊಡಾಕ ರೊಕ್ಕ ಎಲ್ಲೈತ್ರೀ ಯಪ್ಪಾ” ಎಂದು ವಿಜಯಪುರದ ಕಡೆಯ ಹೆಂಗಸೊಬ್ಬರು ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅತ್ತದ್ದುಂಟು. ಗಂಡ ಗಾರೆ ಕೆಲಸದವನು. ಸೈಟಿನಿಂದ ಕಬ್ಬಿಣದ ಸರಳು ಕದ್ದ ಆರೋಪ. ಆ ತಾಯಿಗೆ ಯಾರೂ ಹೇಳಿರಲಿಲ್ಲ: ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ ವಕೀಲರು ಉಚಿತ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಆದಾಯ ಕೇಳುವುದು ಎಲ್ಲರಿಗೂ ಅಲ್ಲ. ಬಂಧನದಲ್ಲಿರುವವರು, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಇವರಿಗೆ ಆದಾಯದ ಮಿತಿಯೇ ಇಲ್ಲ. ಉಳಿದವರಿಗೆ ಮಹಾರಾಷ್ಟ್ರದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿಯ ಮಿತಿ ಇದೆ. ಬೇಲ್ ಮೇಲೆ ಹೊರಗಿರುವ ವೇಟರ್, ಕ್ಲೀನರ್, ಡೆಲಿವರಿ ಹುಡುಗರಲ್ಲಿ ಬಹಳಷ್ಟು ಮಂದಿ ಅದರೊಳಗೇ ಬರುತ್ತಾರೆ.

ಕೇಳುವುದು ಹೀಗೆ. 15100ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ, ಹಣ ಬೀಳುವುದಿಲ್ಲ. ಇಲ್ಲವೇ ಕೇಸು ನಡೆಯುವ ಕೋರ್ಟಿಗೇ ಹೋಗಿ ‘ವಿಧಿ ಸೇವಾ’ ಎಂಬ ಬೋರ್ಡಿನ ಕೋಣೆ ಯಾವುದೆಂದು ಕೇಳಿ. ಅಂಧೇರಿ, ಬಾಂದ್ರಾ, ಬೋರಿವಲಿ, ಕುರ್ಲಾ, ಮುಲುಂಡ್, ದಾದರಿನವರಿಗೆ ಭೋಯಿವಾಡಾ, ಕೋಟೆ ಕಡೆಯವರಿಗೆ ಆಜಾದ್ ಮೈದಾನದ ಬಳಿಯ ಕಿಲ್ಲಾ ಕೋರ್ಟ್: ನಿಮ್ಮ ಠಾಣೆ ಯಾವ ಕೋರ್ಟಿಗೆ ಸೇರಿದ್ದೆಂದು ಠಾಣೆಯಲ್ಲೇ ತಿಳಿಯುತ್ತದೆ. ಆಧಾರ್ ಪ್ರತಿ, ಎಫ್‌ಐಆರ್ ನಂಬರು, ಇದ್ದರೆ ಸಮನ್ಸ್, ಒಂದು ಅರ್ಜಿ, ಇಷ್ಟು ಸಾಕು. ಜೈಲಿಗೆ ಹೋಗಿಬಿಟ್ಟಿದ್ದರೆ ಒಳಗಿನಿಂದಲೂ ಅರ್ಜಿ ಹಾಕಬಹುದು. ಆರ್ಥರ್ ರೋಡಾಗಲಿ, ತಳೋಜಾ ಆಗಲಿ, ಜೈಲಿನಲ್ಲಿ ಕಾನೂನು ನೆರವಿನ ಕ್ಲಿನಿಕ್ ಇರುತ್ತದೆ.

ಕೋರ್ಟಿನಲ್ಲಿ ನಿಂತು ಕೇಳುವಾಗ ನಮ್ಮವರು ಮಾಡುವ ತಪ್ಪೊಂದಿದೆ. “ನನಗೆ ಸರ್ಕಾರಿ ವಕೀಲ್ ಬೇಕು” ಅನ್ನುತ್ತಾರೆ. ಸರ್ಕಾರಿ ವಕೀಲರು ಎಂದರೆ ನಿಮ್ಮ ಎದುರು ವಾದಿಸುವವರು! ಒಬ್ಬಾತ ಸಭ್ಯವಾಗಿ ಆ ವಕೀಲರ ಮುಂದೆಯೇ ಹೋಗಿ ತನ್ನ ಕಥೆಯೆಲ್ಲ ಹೇಳಿಕೊಂಡಿದ್ದ. ಹೇಳಬೇಕಾದ ಮಾತು: “ಸಾಹೇಬ್, ಮಲಾ ಲೀಗಲ್ ಏಡ್ ಚಾ ವಕೀಲ್ ಪಾಹಿಜೆ.” ಭಾಷೆ ತಿಳಿಯದಿದ್ದರೆ: “ಮಲಾ ಮರಾಠಿ ಸಮಜತ್ ನಾಹಿ, ಕನ್ನಡ ದುಭಾಷಿ ಪಾಹಿಜೆ.” ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷಿ ನುಡಿದರೆ ಅದನ್ನು ತಿಳಿಯುವ ಭಾಷೆಗೆ ತೆರೆದ ಕೋರ್ಟಿನಲ್ಲೇ ಹೇಳಬೇಕೆಂಬುದು ಕಾನೂನು.

ಕೇಳದಿದ್ದರೆ? ಆಗಲೂ ಹಕ್ಕು ಸಾಯುವುದಿಲ್ಲ. ವಕೀಲರು ಬೇಕೆಂದು ಆರೋಪಿ ಕೇಳಲಿಲ್ಲ ಎನ್ನುವುದೇ ನೆಪವಾಗಬಾರದು, ಹಕ್ಕಿದೆ ಎಂದು ತಿಳಿಸುವುದೇ ಕೋರ್ಟಿನ ಹೊಣೆ ಎಂದು 1986ರ ಸುಕ್ ದಾಸ್ ಪ್ರಕರಣ ಹೇಳಿತು. ಮೊದಲ ಬಾರಿ ಮ್ಯಾಜಿಸ್ಟ್ರೇಟರ ಮುಂದೆ ತಂದಾಗಲೇ ಇದನ್ನು ತಿಳಿಸಬೇಕೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಒತ್ತಿ ಹೇಳಿತು, ಅದೂ ಕಸಬ್‌ನ ಮೇಲ್ಮನವಿಯಲ್ಲಿ. ಇಡೀ ಮುಂಬೈ ದ್ವೇಷಿಸಿದ ಮನುಷ್ಯನಿಗೂ ವಕೀಲರನ್ನು ಕೊಡದೆ ಶಿಕ್ಷೆ ಕೊಡಲಾಗಲಿಲ್ಲ. ಹಳಿ ದಾಟಿದ ನಮ್ಮ ಹುಡುಗ ಮಾತ್ರ “ನನಗ್ಯಾಕೆ” ಅನ್ನುತ್ತಾನೆ.

ಈ ಸಾಲಿನಲ್ಲಿ ನನಗೆ ಯಾವಾಗಲೂ ನಗು ತರಿಸುವ ಕೇಸೊಂದಿದೆ: 1978ರ ಹೊಸ್ಕೋಟ್ ವಿರುದ್ಧ ಮಹಾರಾಷ್ಟ್ರ ಸರ್ಕಾರ. ಉಚಿತ ಕಾನೂನು ನೆರವು ಬದುಕಿನ ಹಕ್ಕಿನ ಭಾಗ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದದ್ದು ಅದರಲ್ಲಿ. ಕೇಸು ಏನು ಗೊತ್ತೇ? ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬೊಂಬಾಯಿಯ ಒಂದು ಕಂಪನಿಯಲ್ಲಿ ನಕಲಿ ಮೊಹರು ಮಾಡಿಸಲು ಹೋದದ್ದು. ಕಾನೂನು ಬೆಳೆಯುವ ದಾರಿಯೇ ವಿಚಿತ್ರ.

ಹೊಸ ಸಂಹಿತೆಯಲ್ಲಿ ಸಣ್ಣ ಕೇಸಿನವರಿಗೆ ಆದ ಒಂದು ಒಳ್ಳೆಯ ಬದಲಾವಣೆಯನ್ನೂ ಹೇಳಬೇಕು. ಹಳೆಯ 304ನೇ ಕಲಂ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವುದು ಕಡ್ಡಾಯ ಎಂದಿದ್ದದ್ದು ಸೆಷನ್ಸ್ ಕೋರ್ಟಿನ ವಿಚಾರಣೆಗೆ ಮಾತ್ರ. ಹೊಸ 341ನೇ ಕಲಂ ಆ ಗೆರೆಯನ್ನು ಅಳಿಸಿದೆ: ಕೋರ್ಟಿನ ವಿಚಾರಣೆಯಲ್ಲಾಗಲಿ ಮೇಲ್ಮನವಿಯಲ್ಲಾಗಲಿ ವಕೀಲರಿಲ್ಲದೆ, ಇಡಲು ಶಕ್ತಿಯೂ ಇಲ್ಲದೆ ನಿಂತ ಆರೋಪಿಗೆ ಕೋರ್ಟ್ ವಕೀಲರನ್ನು ನೇಮಿಸಬೇಕು.

ನೆರವಿನ ವಕೀಲರು ಎಲ್ಲರೂ ಒಂದೇ ತೂಕದವರಲ್ಲ, ನಮ್ಮ ಕಸುಬಿನವರೇ ಆದ್ದರಿಂದ ನಾನೇ ಹೇಳುತ್ತೇನೆ. ಫೋನ್ ಎತ್ತದವರೂ ಇದ್ದಾರೆ, ಖಾಸಗಿ ಕೇಸಿಗಿಂತ ಹೆಚ್ಚು ಓದಿಕೊಂಡು ಬರುವವರೂ ಇದ್ದಾರೆ. ಅವರು ನಿಮ್ಮಿಂದ ಫೀಸು ಕೇಳುವಂತಿಲ್ಲ. ಕೇಳಿದರೆ, ಅಥವಾ ತಾರೀಖಿಗೆ ಬರದಿದ್ದರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದುಕೊಡಿ, ವಕೀಲರನ್ನು ಬದಲಿಸಿಕೊಡುತ್ತಾರೆ. ಕೈಯಿಂದ ದುಡ್ಡು ಕೊಟ್ಟು ವಕೀಲರನ್ನು ಇಡುವುದಾದರೆ ಕೋರ್ಟಿನ ಗೇಟಿನಲ್ಲಿ ಕೈಹಿಡಿದು ಎಳೆಯುವ ದಲ್ಲಾಳಿಗಳನ್ನು ದೂರ ಇಡಿ, ವಕಾಲತ್ತುನಾಮೆಯ ಮೇಲೆ ಯಾರ ಹೆಸರಿದೆ ನೋಡಿ. ಬೇಲ್‌ಗೆ ಎಷ್ಟು, ಕೇಸು ಮುಗಿಯುವ ತನಕ ಎಷ್ಟು ಎನ್ನುವುದನ್ನು ಮೊದಲೇ ಮಾತಾಡಿ.

ರಿಮಾಂಡಿನ ದಿನ

ಮನೆಯವರು ಬೆಳಿಗ್ಗೆಯೇ ಕೋರ್ಟಿನಲ್ಲಿರಲಿ. ಯಾವ ಹೊತ್ತಿಗೆ ತರುತ್ತಾರೆ ಎನ್ನುವ ಭರವಸೆಯಿಲ್ಲ. ಭಾನುವಾರವಾದರೆ ಹಾಲಿಡೇ ಕೋರ್ಟಿಗೆ. ಪೊಲೀಸರು ಪಿಸಿಆರ್ ಕೇಳುತ್ತಾರೆ, ಅಂದರೆ ಇನ್ನಷ್ಟು ದಿನ ಪೊಲೀಸ್ ಕಸ್ಟಡಿ. ವಕೀಲರ ಮೊದಲ ಕೆಲಸ ಅದು ಬೇಡ ಎಂದು ವಾದಿಸುವುದು. ಎಂಸಿಆರ್ ಆಯಿತು, ಅಂದರೆ ನ್ಯಾಯಾಂಗ ಬಂಧನವಾಯಿತು ಎಂದರೆ ಮನೆಯವರು ಅಳಲು ಶುರು ಮಾಡುತ್ತಾರೆ. ಆದರೆ ವಕೀಲರು ಅಲ್ಲೇ ಬೇಲ್ ಅರ್ಜಿ ಕೊಡುವುದು ಸಾಮಾನ್ಯವಾಗಿ ಆಗಲೇ. ಹೊಡೆದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅವತ್ತೇ ಹೇಳಬೇಕು. “ತಕ್ರಾರ್ ಹೈ ಕ್ಯಾ?” (ದೂರು ಇದೆಯಾ?) ಎಂದು ಅವರು ಕೇಳುವುದು ಇದನ್ನೇ. ಪಕ್ಕದಲ್ಲಿ ಪೊಲೀಸ್ ನಿಂತಿರುವಾಗ ಒಬ್ಬಂಟಿ ಹುಡುಗ “ನಹೀ” ಅನ್ನದೆ ಇನ್ನೇನಂದಾನು? ಅದಕ್ಕೇ ವಕೀಲರು ಬೇಕು.

ಬೇಲ್ ಆಯಿತು, ಜಾಮೀನುದಾರರಿಲ್ಲ. ಹೊರಊರಿನವರಿಗೆ ಇದೇ ದೊಡ್ಡ ಗೋಡೆ. ರೂಮಿನವರೆಲ್ಲ ಊರಿನ ರೇಷನ್ ಕಾರ್ಡಿನವರು. ಆಗ ಕ್ಯಾಶ್ ಬೇಲ್ ಕೇಳಬಹುದು, ಶ್ಯೂರಿಟಿ ತರಲು ಕೆಲವು ವಾರ ಅವಕಾಶ ಕೇಳಬಹುದು. ಜಾಮೀನು ಕೊಡಬಹುದಾದ ಅಪರಾಧದಲ್ಲಿ ಒಂದು ವಾರದೊಳಗೆ ಜಾಮೀನುದಾರರನ್ನು ತರಲಾಗದವರನ್ನು ಬಡವರೆಂದೇ ತಿಳಿದು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು, 478ನೇ ಕಲಂ. 1978ರ ಮೋತಿರಾಮ್ ಪ್ರಕರಣದಲ್ಲಿ ಗೌಂಡಿಯೊಬ್ಬನಿಗೆ ಹತ್ತು ಸಾವಿರದ ಜಾಮೀನು ಕೇಳಿ, ಬೇರೆ ಜಿಲ್ಲೆಯಲ್ಲಿದ್ದ ಅವನ ಸಹೋದರನ ಶ್ಯೂರಿಟಿಯನ್ನು ತಳ್ಳಿಹಾಕಿದ್ದರು. ಹಾಗಾದರೆ ಒಬ್ಬ ಕನ್ನಡಿಗನೋ ಮಲಯಾಳಿಯೋ ದೂರದ ಚಾಂದನಿ ಚೌಕದಲ್ಲಿ ಸಿಕ್ಕಿಬಿದ್ದರೆ ಏನು ಮಾಡಬೇಕು ಎಂದು ಸುಪ್ರೀಂ ಕೋರ್ಟ್ ಆಗ ಕೇಳಿತ್ತು. ಅದೇ ಕೃಷ್ಣ ಅಯ್ಯರ್ ಅವರು ಬರೆದ ಈ ಪ್ರಶ್ನೆಯನ್ನು ಮುಂಬೈಯ ಕೋರ್ಟುಗಳಲ್ಲಿ ನಾನೂ ಎಷ್ಟೋ ಸಲ ಉಲ್ಲೇಖಿಸಿದ್ದೇನೆ.

‘ಕಬೂಲ್’ ಎಂಬ ಗುಂಡಿ

ಎರಡು ವರ್ಷದವರೆಗೆ ಶಿಕ್ಷೆಯಿರುವ ಕೇಸುಗಳಲ್ಲಿ (ಇವಕ್ಕೆ ಸಮನ್ಸ್ ಕೇಸು ಅನ್ನುತ್ತಾರೆ) ದೊಡ್ಡ ಪೀಠಿಕೆ ಇರುವುದಿಲ್ಲ. ಆರೋಪದ ಸಾರಾಂಶ ಹೇಳುತ್ತಾರೆ, ಒಪ್ಪುತ್ತೀಯಾ ಎಂದು ಕೇಳುತ್ತಾರೆ. ಒಪ್ಪಿದರೆ ಅಲ್ಲಿಗೇ ಅಪರಾಧಿ. ಹೀಗೆ ಒಪ್ಪಿ ಬಿದ್ದ ತೀರ್ಪಿನ ಮೇಲೆ ‘ನಾನು ತಪ್ಪು ಮಾಡಿಲ್ಲ’ ಎಂದು ಮೇಲ್ಮನವಿ ಹೋಗಲಾಗದು. ಶಿಕ್ಷೆಯ ಪ್ರಮಾಣ, ಅದು ಕಾನೂನುಬದ್ಧವೇ ಎಂಬುದನ್ನಷ್ಟೇ ಪ್ರಶ್ನಿಸಬಹುದು.

ಕೋರ್ಟಿನ ಹೊರಗೆ ಗುಮಾಸ್ತರೋ ಪೊಲೀಸಿನವರೋ ಪಕ್ಕಕ್ಕೆ ಕರೆದು “ಕಬೂಲ್ ಕರ್, ಹಜಾರ್ ರುಪಯೇ ಮೇ ಛೂಟ್ ಜಾಯೇಗಾ” (ಒಪ್ಪಿಕೋ, ಸಾವಿರ ರೂಪಾಯಿಗೆ ಬಿಟ್ಟುಬಿಡುತ್ತಾರೆ) ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವತ್ತು ನೀವು ಮನೆಗೆ ಹೋಗುವುದು ನಿಜ. ವಿಚಾರಣೆ ಎಂದರೆ ವರ್ಷಗಟ್ಟಲೆ ತಾರೀಖು, ಒಂದೊಂದು ತಾರೀಖಿಗೂ ಒಂದು ದಿನದ ಸಂಬಳ ಖೋತಾ. ಕೇಸು ಬಾಕಿಯಿದ್ದರೆ ಪಾಸ್‌ಪೋರ್ಟಿಗೂ ಅಡ್ಡಿ. ಕೋರ್ಟಿನ ಅನುಮತಿ ತರಬೇಕಾಗುತ್ತದೆ. ಆದ್ದರಿಂದ ಒಪ್ಪಲೇಬೇಡಿ ಎಂದು ನಾನು ಹೇಳುವುದಿಲ್ಲ. ಹಳಿ ದಾಟಿ ರೈಲ್ವೆ ಮ್ಯಾಜಿಸ್ಟ್ರೇಟರ ಮುಂದೆ ನಿಂತವನಿಗೆ, ತಪ್ಪು ನಿಜವೇ ಆಗಿದ್ದರೆ, ದಂಡ ಕಟ್ಟಿ ಕೆಲಸಕ್ಕೆ ಹೋಗು ಎಂದು ನಾನೇ ಹೇಳಿದ್ದಿದೆ. ಕಳ್ಳತನ, ಹೆಂಗಸರ ಮಾನಕ್ಕೆ ಸಂಬಂಧಿಸಿದ್ದು, ಜೂಜು, ಅಪಘಾತ, ಕುಡಿದು ವಾಹನ ಓಡಿಸಿದ್ದು, ಇವುಗಳಲ್ಲಿ ಮಾತ್ರ ವಕೀಲರ ಬಾಯಿಂದ ಕೇಳದೆ ನಿಮ್ಮ ಬಾಯಿ ತೆರೆಯಬೇಡಿ. ಲೈಸೆನ್ಸು, ಬ್ಯಾಡ್ಜು, ಸೆಕ್ಯುರಿಟಿ ಕೆಲಸ, ಸೊಸೈಟಿಯ ವೆರಿಫಿಕೇಶನ್, ವೀಸಾ, ಎಲ್ಲಕ್ಕೂ ಈ ಒಂದು ಪದದ ನಂಟಿದೆ.

ವಕೀಲರು ಇದ್ದರೆ ‘ಒಪ್ಪುವುದು’ ಮತ್ತು ‘ಹೋರಾಡುವುದು’ ಇವೆರಡರ ನಡುವೆ ಬೇರೆ ದಾರಿಗಳೂ ಕಾಣುತ್ತವೆ. ಬೈದಾಟ, ಸಣ್ಣ ಗಾಯದಂಥ ಕೇಸುಗಳನ್ನು ಎದುರು ಪಕ್ಷದವರೊಡನೆ ರಾಜಿ ಮಾಡಿ ಮುಗಿಸಬಹುದು. ಅದರ ಫಲ ಖುಲಾಸೆಯದೇ. ಚಾಳಿನ ಜಗಳಗಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಆರೋಪ ಸಾಬೀತಾದರೂ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಎಚ್ಚರಿಕೆ ಹೇಳಿ ಬಿಡುವಂತೆಯೋ ನಡತೆಯ ಬಾಂಡ್ ಮೇಲೆ ಬಿಡುವಂತೆಯೋ ಕೇಳಬಹುದು. ಆ ಕಾಯ್ದೆಯ 12ನೇ ಕಲಮಿನ ಪ್ರಕಾರ ಹಾಗೆ ಬಿಟ್ಟವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ. ಒಂಟಿಯಾಗಿ ನಿಂತ ಎಷ್ಟು ಮಂದಿಗೆ ಇದನ್ನು ಕೇಳಬಹುದೆಂದು ಗೊತ್ತಿರುತ್ತದೆ? ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ ಇನ್ನೊಂದನ್ನು ತಂದಿದೆ: ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಸಲ ಸಿಕ್ಕವರು ಅದನ್ನು ಮರಳಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಸರಳು ಕದ್ದ ಆರೋಪದ ಆ ಗಾರೆಯವನಂಥವರಿಗೆ ಇದು ಜೈಲಿಗಿಂತ ವಾಸಿ, ಆದರೆ ಶಿಕ್ಷೆ ಶಿಕ್ಷೆಯೇ. ಮೊದಲು ವಕೀಲರು ಪಂಚನಾಮೆ ಓದಲಿ.

ತಾರೀಖು ಮತ್ತು ಊರು

ಬೇಲ್ ಆದವರು ನೇಮ, ಕೋಲ, ಜಾತ್ರೆ, ಮಳೆಗಾಲದ ಕೃಷಿ ಎಂದು ಊರಿಗೆ ಹೋಗಿ ತಾರೀಖು ತಪ್ಪಿಸುತ್ತಾರೆ. ಸಣ್ಣ ಕೇಸು ದೊಡ್ಡದಾಗುವುದು ಹೀಗೆ: ಮೊದಲು ಜಾಮೀನು ವಾರಂಟ್, ಆಮೇಲೆ ಜಾಮೀನಿಲ್ಲದ್ದು, ಜೊತೆಗೆ ಶ್ಯೂರಿಟಿ ಕೊಟ್ಟ ಗೆಳೆಯನ ದುಡ್ಡು ಮುಟ್ಟುಗೋಲು. ಹೋಗುವ ಮೊದಲು ವಕೀಲರಿಗೆ ಹೇಳಿದರೆ ಆ ದಿನಕ್ಕೆ ಗೈರುಹಾಜರಿ ಮನ್ನಿಸುವ ಅರ್ಜಿ ಕೊಡುತ್ತಾರೆ. ಸಮನ್ಸ್ ಕೇಸಾದರೆ ಖುದ್ದು ಬರುವುದರಿಂದಲೇ ವಿನಾಯಿತಿ ಕೇಳಬಹುದು. ರೂಮು ಬದಲಿಸಿದರೆ ಹೊಸ ವಿಳಾಸ ಕೋರ್ಟಿಗೂ ಠಾಣೆಗೂ ಕೊಡಿ. ಸಮನ್ಸ್ ಹಳೆಯ ರೂಮಿನ ಬಾಗಿಲಿಗೆ ಅಂಟಿಕೊಂಡು ನೀವು ‘ಫರಾರಿ’ ಆಗಿಬಿಡಬಹುದು.

ಕೇಸು ಮುಗಿದ ದಿನ ಎಲ್ಲರೂ ಮಾಡುವುದು ವಡಾ ಪಾವ್ ತಿಂದು ಲೋಕಲ್ ಹಿಡಿಯುವುದು. ಅದಕ್ಕೂ ಮೊದಲು ತೀರ್ಪಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಕೊಟ್ಟು ಬನ್ನಿ. ಕಾನೂನು ನೆರವಿನ ಕೇಸಾದರೆ ಪ್ರತಿಯ ಖರ್ಚೂ ನಿಮ್ಮದಲ್ಲ. ಖುಲಾಸೆಯಾಗಿ ವರ್ಷಗಳಾದ ಮೇಲೂ ಠಾಣೆಯ ಕಂಪ್ಯೂಟರಿನಲ್ಲಿ ಕೇಸು ‘ಪೆಂಡಿಂಗ್’ ಎಂದೇ ಕಾಣುವುದುಂಟು. ವೆರಿಫಿಕೇಶನ್‌ಗೆ ಬಂದ ಪೊಲೀಸರ ಮುಂದೆ ತೋರಿಸಲು ಆ ಕಾಗದವೇ ಬೇಕು. ಒಂದು ಪ್ರತಿ ಮುಂಬೈಯ ಟ್ರಂಕಿನಲ್ಲಿ, ಇನ್ನೊಂದು ಊರಿನ ಮನೆಯ ಕಪಾಟಿನಲ್ಲಿ, ಫೋಟೊ ಮೊಬೈಲಿನಲ್ಲಿ ಇರಲಿ.